ಪಾಠ ಯೋಜನೆ ಒಂದು ಗುಂಪಿನಲ್ಲಿ, ಮಕ್ಕಳ ತಪ್ಪು ಇನ್ನೊಂದರಲ್ಲಿ

ಏಳನೇ ತರಗತಿ, ಭಿನ್ನರಾಶಿಗಳ ಸಂಕಲನ. ಕಳೆದ ಇಂಟರ್ನ್‌ಶಿಪ್ ಅವಧಿಯಲ್ಲಿ ಗಣಿತ ವಿಧಾನದ ಒಬ್ಬ ಪ್ರಶಿಕ್ಷಣಾರ್ಥಿಯ ಪಾಠ ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪಾಠ ಚೆನ್ನಾಗಿಯೇ ಇತ್ತು. ಕಾಗದದ ಪಟ್ಟಿ ಮಡಚಿ ಅರ್ಧ ತೋರಿಸಿದರು, ಮೂರನೇ ಒಂದು ಭಾಗ ತೋರಿಸಿದರು, ಕಪ್ಪುಹಲಗೆಯನ್ನೂ ಅಚ್ಚುಕಟ್ಟಾಗಿ ಬಳಸಿದರು. ಕೊನೆಗೆ ಕೊಟ್ಟ ಲೆಕ್ಕದಲ್ಲಿ ಆರು ಮಕ್ಕಳು 1/2 + 1/3 = 2/5 ಎಂದು ಬರೆದಿದ್ದರು. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದರೆ ಬರುವ ಉತ್ತರ. ಗಣಿತ ಕಲಿಸಿದವರೆಲ್ಲ ಒಮ್ಮೆಯಾದರೂ ಕಂಡಿರುವ ತಪ್ಪು.

ಪಕ್ಕದಲ್ಲಿ ಕುಳಿತಿದ್ದ ಸಹಪಾಠಿ ವೀಕ್ಷಕಿ ಇದನ್ನು ಗಮನಿಸಿ ತಮ್ಮ ವೀಕ್ಷಣಾ ನಮೂನೆಯಲ್ಲಿ ಬರೆದುಕೊಂಡರು. ಪಾಠ ಮಾಡಿದವರು ಅಂದು ಸಂಜೆ ತಮ್ಮ ಸ್ವ-ಅವಲೋಕನ ಪುಟದಲ್ಲಿ ‘ಕೆಲವು ಮಕ್ಕಳು ಛೇದಗಳನ್ನು ಕೂಡಿಸಿದರು’ ಎಂದು ಬರೆದರು. ಮಾರನೆಯ ದಿನ ಬೆಳಿಗ್ಗೆ ಅವರ ಪಾಠ ಯೋಜನೆ ತೆರೆದು ನೋಡಿದೆ. ಭಿನ್ನರಾಶಿಗಳ ವ್ಯವಕಲನ. ಆ ಆರು ಮಕ್ಕಳ ಸುದ್ದಿಯೇ ಇರಲಿಲ್ಲ.

“ನಿನ್ನೆಯ ವೀಕ್ಷಣೆ ಎಲ್ಲಿದೆ?” ಎಂದೆ.

“ವೀಕ್ಷಣೆ ಗುಂಪಿನಲ್ಲಿದೆ ಮೇಡಂ.”

“ಈ ಯೋಜನೆ ಬರೆಯುವಾಗ ಅದನ್ನು ತೆರೆದು ನೋಡಿದ್ರಾ?”

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. “ಅದು ಕೊನೆಯಲ್ಲಿ ಸಬ್ಮಿಟ್ ಮಾಡೋದಲ್ವಾ ಮೇಡಂ?”

ಅವರನ್ನು ದೂರುವಂತಿರಲಿಲ್ಲ. ಆ ಗುಂಪುಗಳನ್ನು ಮಾಡಿಕೊಟ್ಟವಳು ನಾನೇ.

ನಮ್ಮ ವಿಭಾಗದಲ್ಲಿ ಪಾಠ ಯೋಜನೆಗಳನ್ನು ಒನ್‌ನೋಟ್‌ನಲ್ಲಿ ಬರೆಯಲು ಶುರುಮಾಡಿದಾಗ ಟೆಂಪ್ಲೇಟ್‌ಗಳನ್ನು, ಅಂದರೆ ನಾವು ನಮೂನೆ ಎನ್ನುವ ಖಾಲಿ ಪುಟಗಳನ್ನು, ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿದ್ದದ್ದು ಪ್ರಾಯೋಗಿಕ ಪರೀಕ್ಷೆಗೆ ಒಪ್ಪಿಸಬೇಕಾದ ದಾಖಲೆಗಳ ಪಟ್ಟಿ. ಅದೇ ಕ್ರಮದಲ್ಲಿ ಗುಂಪು ಮಾಡಿದೆ: ಸೂಕ್ಷ್ಮ ಬೋಧನಾ ದಾಖಲೆ, ಪಾಠ ಯೋಜನೆಗಳು, ವೀಕ್ಷಣೆಗಳು, ಸ್ವ-ಅವಲೋಕನ, ಘಟಕ ಪರೀಕ್ಷೆ, ವ್ಯಕ್ತಿ ಅಧ್ಯಯನ. ಪ್ರತಿ ಗುಂಪಿಗೂ ಬೇರೆ ಬಣ್ಣ ಕೊಟ್ಟೆ. ನೋಡಲು ಬಹಳ ಚೆಂದವಿತ್ತು, ಮೆಚ್ಚುಗೆಯೂ ಸಿಕ್ಕಿತು. ಒಂದೇ ದಿನದ, ಒಂದೇ ತರಗತಿಯ, ಅದೇ ನಲವತ್ತು ಮಕ್ಕಳ ಬಗ್ಗೆ ಬರೆದ ಮೂರು ಪುಟಗಳನ್ನು ಮೂರು ಕೋಣೆಗಳಲ್ಲಿಟ್ಟು ಬಾಗಿಲು ಹಾಕಿದ್ದೇನೆ ಎಂಬುದು ಮಾತ್ರ ಹೊಳೆಯಲಿಲ್ಲ.

ನಮೂನೆಗಳನ್ನು ಗುಂಪು ಮಾಡುವುದನ್ನು ನಾವು ಗುಮಾಸ್ತಿಕೆಯ ಕೆಲಸ ಎಂದುಕೊಂಡಿದ್ದೇವೆ. ಕಂಪ್ಯೂಟರ್ ಪ್ರಯೋಗಾಲಯದವರೋ, ವಿಭಾಗದಲ್ಲಿ ಕಿರಿಯರೋ ಮಾಡಿಬಿಡಲಿ ಎನ್ನುತ್ತೇವೆ. ಯಾವ ಪುಟದ ಪಕ್ಕ ಯಾವ ಪುಟ ಇರುತ್ತದೆ ಎಂಬುದೇ ಪ್ರಶಿಕ್ಷಣಾರ್ಥಿ ಯಾವುದನ್ನು ನೋಡಿ ಯಾವುದನ್ನು ಬರೆಯುತ್ತಾರೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಆದ್ದರಿಂದ ಈ ಕೆಲಸ ಬೋಧನಾ ವಿಧಾನದವರದ್ದು ಎಂಬುದು ನನ್ನ ವಾದ. ಅದಕ್ಕೆ ಆಧಾರವಾಗಬೇಕಾದದ್ದು ಒಂದೇ ಪ್ರಶ್ನೆ: ಈ ಪುಟದಲ್ಲಿ ಬರೆದದ್ದು ಮುಂದೆ ಯಾವ ಪುಟಕ್ಕೆ ಹೋಗಬೇಕು? ಅವೆರಡು ಒಂದೇ ಗುಂಪಿನಲ್ಲಿರಬೇಕು.

ಸೂಕ್ಷ್ಮ ಬೋಧನೆಯ ಉದಾಹರಣೆ ನೋಡೋಣ. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನದ ಭಾರತೀಯ ಮಾದರಿಯನ್ನು ಎನ್‌ಸಿಇಆರ್‌ಟಿ ಸಿದ್ಧಪಡಿಸಿತು. ಅದರ ಲೆಕ್ಕ ನಮಗೆಲ್ಲ ಬಾಯಿಪಾಠ: ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಪುನರ್ಯೋಜನೆ 12, ಪುನರ್ಬೋಧನೆ 6, ಮತ್ತೆ ಹಿಮ್ಮಾಹಿತಿ 6, ಒಟ್ಟು 36. ಇಡೀ ಆವರ್ತದಲ್ಲಿ ಅತಿ ಹೆಚ್ಚು ಸಮಯ ಸಿಕ್ಕಿರುವುದು ಪುನರ್ಯೋಜನೆಗೆ, ಬೋಧನೆಯ ಎರಡು ಪಟ್ಟು. ಈ ಮಾದರಿಯ ಜೀವ ಇರುವುದೇ ಆ 12 ನಿಮಿಷಗಳಲ್ಲಿ. ನಮ್ಮ ದಾಖಲೆಗಳಲ್ಲಿ ಏನಾಗುತ್ತದೆ? ‘ಬೋಧನಾ ಯೋಜನೆ’ಗೆ ಒಂದು ನಮೂನೆ, ‘ಪುನರ್ಬೋಧನಾ ಯೋಜನೆ’ಗೆ ಇನ್ನೊಂದು, ವೀಕ್ಷಣಾ ಪಟ್ಟಿಗಳೆಲ್ಲ ಕೊನೆಯಲ್ಲಿ ಒಟ್ಟಿಗೆ. ಪುನರ್ಬೋಧನಾ ಯೋಜನೆ ಬರೆಯುವವರ ಕಣ್ಣಮುಂದೆ ಹಿಮ್ಮಾಹಿತಿಯೇ ಇರುವುದಿಲ್ಲ. ಹೀಗಾಗಿ ಮೊದಲ ಯೋಜನೆಯನ್ನೇ ಎರಡು ಪದ ಬದಲಿಸಿ ಮತ್ತೆ ಬರೆಯುತ್ತಾರೆ. ಕೆಲವರು ಎರಡನ್ನೂ ಹಿಂದಿನ ರಾತ್ರಿಯೇ ಬರೆದು ತರುತ್ತಾರೆ. ಹಿಮ್ಮಾಹಿತಿ ಸಿಗುವ ಮೊದಲೇ ಪುನರ್ಯೋಜನೆ ಮುಗಿದಿರುತ್ತದೆ! ಪರಿವೀಕ್ಷಕರಾದ ನಾವು ಅದಕ್ಕೂ ಸಹಿ ಹಾಕುತ್ತೇವೆ.

ಈಗ ಆ ಆವರ್ತದ ನಮೂನೆಗಳನ್ನು ಒಂದೇ ಗುಂಪಿನಲ್ಲಿ ಇಟ್ಟಿದ್ದೇನೆ. ಯೋಜನೆಯ ಪುಟ, ಅದರ ಕೆಳಗೆ ಉಪಪುಟವಾಗಿ ವೀಕ್ಷಣಾ ಪಟ್ಟಿ, ಅದರ ಕೆಳಗೆ ಪುನರ್ಯೋಜನೆ. ಪುನರ್ಯೋಜನೆಯ ಪುಟದಲ್ಲಿ ಪೂರ್ತಿ ಯೋಜನೆಗೆ ಜಾಗವೇ ಇಲ್ಲ. ಎರಡು ಅಂಕಣ ಮಾತ್ರ: ‘ವೀಕ್ಷಕರು ಹೇಳಿದ್ದು’, ‘ಅದಕ್ಕಾಗಿ ನಾನು ಬದಲಿಸುವುದು’. ಎಡ ಅಂಕಣ ಖಾಲಿಯಿದ್ದರೆ ಬಲ ಅಂಕಣ ತುಂಬಲಾಗದು.

ತಂತ್ರಾಂಶದ ಬಗ್ಗೆಯೂ ಸ್ವಲ್ಪ ಹೇಳಬೇಕು, ಏಕೆಂದರೆ ಅಲ್ಲೊಂದು ತೊಡಕಿದೆ. ವಿಂಡೋಸ್ ಕಂಪ್ಯೂಟರಿನ ಒನ್‌ನೋಟ್‌ನಲ್ಲಿ ‘ಇನ್ಸರ್ಟ್’ ಪಟ್ಟಿಯಡಿ ‘ಪೇಜ್ ಟೆಂಪ್ಲೇಟ್ಸ್’ ಇದೆ. ತಂತ್ರಾಂಶದ ಜೊತೆಗೇ ಬರುವ ನಮೂನೆಗಳು ಅಲ್ಲಿ ಅಕಾಡೆಮಿಕ್, ಬಿಸಿನೆಸ್, ಪ್ಲ್ಯಾನರ್ಸ್ ಮುಂತಾದ ವರ್ಗಗಳಲ್ಲಿ ಇರುತ್ತವೆ. ನಾವು ಮಾಡಿ ಉಳಿಸಿದವೆಲ್ಲ ಮಾತ್ರ ‘ಮೈ ಟೆಂಪ್ಲೇಟ್ಸ್’ ಎಂಬ ಒಂದೇ ಪಟ್ಟಿಗೆ ಬೀಳುತ್ತವೆ, ಅದರೊಳಗೆ ನಮ್ಮದೇ ವರ್ಗಗಳನ್ನು ಮಾಡಲು ಬರುವುದಿಲ್ಲ. ಜೊತೆಗೆ, ಹಾಗೆ ಉಳಿಸಿದ ನಮೂನೆಗಳು ಆ ಕಂಪ್ಯೂಟರಿನಲ್ಲೇ ಇರುತ್ತವೆ, ನೋಟ್‌ಬುಕ್‌ನೊಂದಿಗೆ ಬೇರೆ ಕಡೆಗೆ ಹೋಗುವುದಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಉಳಿಸಿದ್ದು ಅಭ್ಯಾಸ ಶಾಲೆಯಲ್ಲಿ ಸಿಗದು. ಇದು ಗೊತ್ತಿಲ್ಲದೆ ಮೊದಲ ವರ್ಷ ನಾನು ಒಂದು ಭಾನುವಾರವಿಡೀ ಕುಳಿತು ಮಾಡಿದ ಕೆಲಸ ಪ್ರಯೋಗಾಲಯದ ಮೂರನೇ ಸಾಲಿನ ಕಂಪ್ಯೂಟರಿನಲ್ಲೇ ಉಳಿಯಿತು.

ಪರಿಹಾರ ಸರಳ. ನಮೂನೆಗಳಿಗೆಂದೇ ಒಂದು ವಿಭಾಗ-ಗುಂಪು ಮಾಡಿ, ಅದರೊಳಗೆ ನಮಗೆ ಬೇಕಾದ ವಿಭಾಗಗಳನ್ನಿಟ್ಟು, ನಮೂನೆಗಳನ್ನು ಸಾಮಾನ್ಯ ಪುಟಗಳಂತೆಯೇ ಇಡುವುದು. ಬೇಕಾದಾಗ ಪುಟವನ್ನೂ ಉಪಪುಟಗಳನ್ನೂ ಒಟ್ಟಿಗೆ ಆರಿಸಿ ತಮ್ಮ ವಿಭಾಗಕ್ಕೆ ನಕಲು ಮಾಡಿಕೊಂಡರಾಯಿತು. ಪುಟಗಳು ನೋಟ್‌ಬುಕ್‌ನೊಳಗೇ ಇರುವುದರಿಂದ ಫೋನಿನಲ್ಲೂ ಸಿಗುತ್ತವೆ. ಒಂದು ವಿಭಾಗದಲ್ಲಿ ಹೊಸ ಪುಟ ತೆರೆದಾಗಲೆಲ್ಲ ಒಂದು ನಿರ್ದಿಷ್ಟ ನಮೂನೆ ತಾನಾಗಿ ಬರುವಂತೆ ಹೊಂದಿಸುವ ಸೌಲಭ್ಯವೂ ಇದೆ. ದಿನದ ಪಾಠಕ್ಕೆ ಅದು ಅನುಕೂಲ ಎಂದು ಮೊದಲು ಬಳಸಿ, ಆಮೇಲೆ ಬಿಟ್ಟೆ. ಹುಡುಕದೆ ಬಂದ ನಮೂನೆಯನ್ನು ಯೋಚಿಸದೆ ತುಂಬುತ್ತಾರೆ.

ಅಬ್ಸಿಡಿಯನ್ ಬಳಸುವವರಿಗೆ ಈ ತೊಡಕಿಲ್ಲ. ನಮೂನೆಗಳ ಫೋಲ್ಡರ್ ಯಾವುದೆಂದು ಒಮ್ಮೆ ಸೂಚಿಸಿದರೆ ಅದರೊಳಗೆ ಉಪಫೋಲ್ಡರ್ ಮಾಡಿಕೊಳ್ಳಬಹುದು, ದಿನಾಂಕವೂ ಪುಟದ ಶೀರ್ಷಿಕೆಯೂ ತಾನಾಗಿ ಬರುವಂತೆ ಮಾಡಬಹುದು. ಎಲ್ಲವೂ ಸ್ವಂತ ಕಂಪ್ಯೂಟರಿನ ಸಾದಾ ಪಠ್ಯ ಕಡತಗಳಾದ್ದರಿಂದ ಇಂಟರ್ನೆಟ್ ಇಲ್ಲದ ಊರಿನ ಶಾಲೆಯಲ್ಲೂ ಕೆಲಸ ನಡೆಯುತ್ತದೆ. ಯಾವ ತಂತ್ರಾಂಶವಾದರೂ ಒಂದು ಎಚ್ಚರಿಕೆ: ನಮೂನೆಗಳನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟುಗಳಲ್ಲಿ ಮಾಡಿಟ್ಟದ್ದನ್ನು ತಂದು ಅಂಟಿಸಿದರೆ ಹುಡುಕಿದಾಗ ಸಿಗುವುದಿಲ್ಲ, ಫೋನಿನಲ್ಲಿ ತೆರೆದರೆ ಓದಲಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಗುಂಪು ಎಷ್ಟು ಚೆನ್ನಾಗಿದ್ದರೇನು, ಒಳಗಿನ ಪುಟ ಓದಲಾಗದಿದ್ದರೆ?

ದಾಖಲೆಯ ಕ್ರಮ ಬೇಡವಾದರೆ ವಿಷಯವಾರು ಗುಂಪು ಮಾಡಿ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು: ಕನ್ನಡ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಸಹಜವಾಗಿ ಕಾಣುತ್ತದೆ, ನಮ್ಮ ಸಿಬ್ಬಂದಿ ಕೊಠಡಿಯೂ ಹಾಗೆಯೇ ಹಂಚಿಹೋಗಿದೆ. ಆದರೆ ಕನ್ನಡದಲ್ಲಿ ಒಂದು ಪದ್ಯ ಪಾಠಕ್ಕೂ ಒಂದು ವ್ಯಾಕರಣ ಪಾಠಕ್ಕೂ ಇರುವ ದೂರ ನೋಡಿ. ದೇವಾಲಯ, ವಿದ್ಯಾರ್ಥಿ, ಗಿರೀಶ ಎಂಬ ಪದಗಳನ್ನು ಬಿಡಿಸಿ ಬರೆಸಿ ಮಕ್ಕಳಿಂದಲೇ ಸವರ್ಣದೀರ್ಘ ಸಂಧಿಯ ನಿಯಮ ಹೇಳಿಸುವ ಪಾಠವು ಪದ್ಯ ಪಾಠಕ್ಕಿಂತ, ನಾಲ್ಕಾರು ತ್ರಿಭುಜಗಳ ಒಳಕೋನಗಳನ್ನು ಅಳೆಸಿ ಮೊತ್ತ 180 ಡಿಗ್ರಿ ಎಂದು ಕಾಣಿಸುವ ಗಣಿತ ಪಾಠಕ್ಕೆ ಹತ್ತಿರ. ಎರಡೂ ಅನುಗಮನ ಪಾಠಗಳು, ಒಂದೇ ನಮೂನೆ ಸಾಕು. ಬ್ರೂಸ್ ಜಾಯ್ಸ್ ಮತ್ತು ಮಾರ್ಷಾ ವೀಲ್ 1972ರ ತಮ್ಮ ‘ಮಾಡೆಲ್ಸ್ ಆಫ್ ಟೀಚಿಂಗ್’ ಪುಸ್ತಕದಲ್ಲಿ ಬೋಧನಾ ಮಾದರಿಗಳನ್ನು ನಾಲ್ಕು ಕುಟುಂಬಗಳಾಗಿ ವಿಂಗಡಿಸಿದ್ದು ವಿಷಯದ ಹೆಸರಿನಿಂದಲ್ಲ: ಮಾಹಿತಿ ಸಂಸ್ಕರಣೆ, ಸಾಮಾಜಿಕ, ವೈಯಕ್ತಿಕ, ವರ್ತನಾ ಕುಟುಂಬಗಳು. ಪರೀಕ್ಷೆಗೆ ನಾವು ಇದನ್ನು ಬರೆಸುತ್ತೇವೆ, ನಮ್ಮ ಫೋಲ್ಡರಿಗೆ ತರುವುದಿಲ್ಲ. ಎರಡು ಬೋಧನಾ ವಿಧಾನಗಳನ್ನು ಓದುವ ಪ್ರಶಿಕ್ಷಣಾರ್ಥಿಗೆ ಇದರಿಂದ ಇನ್ನೊಂದು ಲಾಭವಿದೆ. ಒಂದು ವಿಷಯದಲ್ಲಿ ಕಲಿತ ನಡೆಯನ್ನು ಇನ್ನೊಂದಕ್ಕೆ ಒಯ್ಯುತ್ತಾರೆ.

ಹೆಚ್ಚು ಗಟ್ಟಿಯಾದ ಆಕ್ಷೇಪಣೆ ಹಿರಿಯರೊಬ್ಬರಿಂದ ಬಂತು. “ಬಾಹ್ಯ ಪರೀಕ್ಷಕರು ಬಂದಾಗ ನಿಮ್ಮ ಈ ಆವರ್ತ ಯಾರು ನೋಡ್ತಾರೆ ಮೇಡಂ? ಅವರಿಗೆ ಪಾಠ ಯೋಜನೆ ಎಷ್ಟು, ವೀಕ್ಷಣೆ ಎಷ್ಟು, ಎಣಿಸೋಕೆ ಬರಬೇಕು. ಇಲ್ಲದಿದ್ದರೆ ಹುಡುಗರ ಅಂಕ ಹೋಗುತ್ತೆ.” ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅಂಕ ಹೋದರೆ ಹೋಗಲಿ ಎಂದು ಪ್ರಶಿಕ್ಷಣಾರ್ಥಿಗಳ ಪರವಾಗಿ ಹೇಳುವ ಹಕ್ಕು ನನಗಿಲ್ಲ. ಆದರೆ ಎಣಿಕೆಗೆ ಒಂದು ಸೂಚಿ ಪುಟ ಸಾಕು. ಒನ್‌ನೋಟ್‌ನಲ್ಲಿ ಪ್ರತಿ ಪುಟಕ್ಕೂ ಕೊಂಡಿ ತೆಗೆಯಬಹುದು. ಪರೀಕ್ಷಕರು ಕೇಳುವ ಕ್ರಮದಲ್ಲಿ ಆ ಕೊಂಡಿಗಳನ್ನು ಒಂದು ಪುಟದಲ್ಲಿ ಜೋಡಿಸಿದರೆ ಅವರಿಗೆ ಅವರ ಕ್ರಮ ಸಿಕ್ಕಿತು. ಮುದ್ರಿಸಿ ಕೊಡಬೇಕಾದಲ್ಲಿ ಪುಟಗಳನ್ನು ಬೇರೆ ವಿಭಾಗಕ್ಕೆ ನಕಲು ಮಾಡಿ ಜೋಡಿಸುವುದು ಒಂದು ಸಂಜೆಯ ಕೆಲಸ. ಪರೀಕ್ಷಕರು ಒಂದು ದಿನ ಬರುತ್ತಾರೆ. ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲೆಯ ಕೆಲಸಕ್ಕೆ ಎನ್‌ಸಿಟಿಇಯ 2014ರ ನಿಯಮಾವಳಿ ಇಟ್ಟಿರುವುದು 20 ವಾರ. ಆ ಒಂದು ದಿನದ ಅನುಕೂಲಕ್ಕೆ 20 ವಾರಗಳ ಕೆಲಸದ ಮೇಜನ್ನು ಜೋಡಿಸುವುದು ಸರಿಯೆನಿಸುವುದಿಲ್ಲ.

ಈಗ ನಮ್ಮಲ್ಲಿರುವ ಗುಂಪುಗಳು ಐದು. ಸೂಕ್ಷ್ಮ ಬೋಧನೆಯದ್ದನ್ನು ಹೇಳಿದೆ. ಎರಡನೆಯದು ‘ದಿನದ ಪಾಠ’: ಯೋಜನೆ, ವೀಕ್ಷಣೆ, ಸ್ವ-ಅವಲೋಕನ ಮೂರೂ ಒಟ್ಟಿಗೆ. ಮೂರನೆಯದು ‘ಘಟಕ’: ಘಟಕ ಯೋಜನೆ, ನೀಲನಕ್ಷೆ, ಪ್ರಶ್ನೆಪತ್ರಿಕೆ, ಅಂಕಪಟ್ಟಿ, ತಪ್ಪುಗಳ ವಿಶ್ಲೇಷಣೆ, ಪರಿಹಾರ ಬೋಧನೆ. ನಾಲ್ಕನೆಯದು ‘ಒಂದು ಮಗು’: ವ್ಯಕ್ತಿ ಅಧ್ಯಯನದ ಪುಟ, ಆ ಮಗುವಿನ ಪೋಷಕರೊಂದಿಗೆ ಮಾತಾಡಿದ ಟಿಪ್ಪಣಿ, ಮಾರ್ಗದರ್ಶಕ ಶಿಕ್ಷಕರ ಅಭಿಪ್ರಾಯ. ಐದನೆಯದಕ್ಕೆ ‘ಒಪ್ಪಿಸುವುದು ಮಾತ್ರ’ ಎಂದೇ ಹೆಸರಿಟ್ಟಿದ್ದೇನೆ. ಶಾಲಾ ಪರಿಚಯ, ಬೆಳಗಿನ ಪ್ರಾರ್ಥನಾ ಸಭೆಯ ವರದಿ, ದಿನಾಚರಣೆಗಳ ವರದಿ ಅದರಲ್ಲಿವೆ. ಅವುಗಳಿಂದ ಮುಂದೆ ಎಲ್ಲಿಗೂ ಏನೂ ಹೋಗುವುದಿಲ್ಲ. ಅದನ್ನು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ.

‘ದಿನದ ಪಾಠ’ದ ಯೋಜನಾ ನಮೂನೆಯಲ್ಲಿ ಒಂದು ಸಾಲು ಹೊಸದಾಗಿ ಸೇರಿಸಿದೆ. ವಿಷಯ, ತರಗತಿ, ಅವಧಿಗಳ ಕೆಳಗೆ, ಕಲಿಕಾ ಫಲಗಳಿಗಿಂತ ಮೊದಲು: ‘ನಿನ್ನೆಯ ಪುಟದಿಂದ ಬಂದದ್ದು’. ಐದು ‘ಇ’ಗಳ ಮಾದರಿಯಲ್ಲಿ ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗೆ ಎಲ್ಲವೂ ಒಂದೇ ಪಾಠದೊಳಗೆ ಮುಗಿದುಬಿಡುವಂತೆ ನಾವು ಬರೆಸುತ್ತೇವೆ. ಇಂದಿನ ಮೌಲ್ಯಮಾಪನ ನಾಳೆಯ ತೊಡಗಿಸಿಕೊಳ್ಳುವಿಕೆಯನ್ನು ಬದಲಿಸಬೇಕು ಎಂಬುದಕ್ಕೆ ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಈ ಸಾಲಿನಿಂದ ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಕೆಲವರು ಪ್ರತಿದಿನವೂ ‘ವಿಶೇಷವೇನಿಲ್ಲ’ ಎಂದು ಬರೆದರು. ಒಬ್ಬರು ಎಷ್ಟು ಮುಂದಾಲೋಚನೆಯವರೆಂದರೆ, ಒಂದು ವಾರದ ಯೋಜನೆಗಳನ್ನು ಭಾನುವಾರವೇ ಮುಗಿಸಿ, ‘ನಿನ್ನೆಯ ಪುಟದಿಂದ ಬಂದದ್ದು’ ಎಂಬಲ್ಲಿ ಗುರುವಾರದ ಮಕ್ಕಳ ತಪ್ಪುಗಳನ್ನೂ ಸೇರಿಸಿದ್ದರು. ನಗು ಬಂತು, ಆದರೆ ಇದರಲ್ಲೂ ನಮ್ಮ ಪಾಲಿದೆ. ವಾರದ ಯೋಜನೆಗಳಿಗೆ ಸೋಮವಾರವೇ ಸಹಿ ಆಗಬೇಕು ಎಂಬ ಪದ್ಧತಿ ನಮ್ಮದೇ. ಆ ಸಾಲೊಂದನ್ನು ಸಹಿಯಾದ ಮೇಲೂ ಬರೆಯಬಹುದು ಎಂದು ಈಗ ಮಾಡಿಕೊಂಡಿದ್ದೇವೆ.

ನಮೂನೆಯೊಳಗೆ ಮೊದಲೇ ಬರೆದಿಡುವ ವಾಕ್ಯಗಳ ಅಪಾಯ ಇದಕ್ಕಿಂತ ದೊಡ್ಡದು. ತಿಳಿಯಲೆಂದು ಸ್ವ-ಅವಲೋಕನದ ನಮೂನೆಯಲ್ಲಿ ನಾನೇ ಒಂದು ಮಾದರಿ ವಾಕ್ಯ ಹಾಕಿದ್ದೆ: ‘ವಿದ್ಯಾರ್ಥಿಗಳು ಆಸಕ್ತಿಯಿಂದ ಪಾಲ್ಗೊಂಡರು’. ಆ ವರ್ಷ ನಮ್ಮ ಅಭ್ಯಾಸ ಶಾಲೆಗಳ ಮಕ್ಕಳು ಪ್ರತಿ ಅವಧಿಯಲ್ಲೂ, ಮಳೆ ಬಂದು ಹೆಂಚಿನ ಮೇಲಿನ ಸದ್ದಿಗೆ ಮಾತೇ ಕೇಳಿಸದ ದಿನವೂ, ಆಸಕ್ತಿಯಿಂದಲೇ ಪಾಲ್ಗೊಂಡರು. ನಮೂನೆ ಗಟ್ಟಿಯಾಗಿಬಿಡುವುದು ಹೊಸದೇನಲ್ಲ. ಹರ್ಬಾರ್ಟ್ ಹೇಳಿದ್ದು ನಾಲ್ಕು ಹಂತ. ಅನುಯಾಯಿಗಳಾದ ಜಿಲ್ಲರ್ ಮತ್ತು ರೈನ್ ಅದನ್ನು ಐದಾಗಿಸಿದರು. ಆ ಐದು ನಮ್ಮ ಪಾಠ ಟಿಪ್ಪಣಿಗಳಲ್ಲಿ ದಶಕಗಟ್ಟಲೆ ಅಲುಗದೆ ಕುಳಿತವು. ಈಗ ನಕಲು ಮಾಡಲು ಕೈಬರಹದ ಶ್ರಮವೂ ಬೇಕಿಲ್ಲ. ಆದ್ದರಿಂದ ನಮೂನೆಯಲ್ಲಿ ಪ್ರಶ್ನೆ ಇರಲಿ, ಉತ್ತರದ ಮಾದರಿ ಬೇಡ. ಮಾದರಿ ತೋರಿಸಲೇಬೇಕಾದರೆ ತುಂಬಿದ ಪುಟವನ್ನು ಬೇರೆ ವಿಭಾಗದಲ್ಲಿಡಿ, ನಕಲಾಗುವ ಪುಟದಲ್ಲಲ್ಲ.

ಲ್ಯಾಪ್‌ಟಾಪ್ ಇಲ್ಲದ ಪ್ರಶಿಕ್ಷಣಾರ್ಥಿಗಳು ಪ್ರತಿ ತಂಡದಲ್ಲೂ ಇರುತ್ತಾರೆ. ಅವರಿಗಾಗಿ ಇದೇ ಗುಂಪುಗಳನ್ನು ಕಾಗದದಲ್ಲಿ ಮಾಡಿದೆವು: ಮೂರು ಹಾಳೆ ಸೇರಿಸಿ ಒಂದು ಪಿನ್ನು. ಯೋಜನೆ, ವೀಕ್ಷಣೆ, ಅವಲೋಕನ ಒಟ್ಟಿಗೇ ಫೈಲಿನೊಳಗೆ ಹೋಗುತ್ತವೆ. ಹೇಳಬೇಕೆಂದರೆ ಪರದೆಯಲ್ಲಿ ಬರೆದವರಿಗಿಂತ ಇವರೇ ಹಿಂದಿನ ದಿನದ ಹಾಳೆ ತಿರುವಿ ನೋಡುವುದನ್ನು ಹೆಚ್ಚು ಕಂಡೆ. ಪರದೆಯಲ್ಲಿ ಬರೆಯುವವರಿಗೆ ತಿರುವುವ ಹಾಳೆಯಿಲ್ಲ, ಪಕ್ಕದ ಪಟ್ಟಿಯಲ್ಲಿ ಕಾಣುವ ಹೆಸರುಗಳಷ್ಟೇ. ಅದಕ್ಕೇ ಅವರಿಗೆ ಗುಂಪಿನ ವಿಷಯ ಇನ್ನೂ ಮುಖ್ಯ.

ಬಗೆಹರಿಯದೆ ಉಳಿದಿರುವುದು ಸಹಪಾಠಿ ವೀಕ್ಷಣೆ. ಒನ್‌ನೋಟ್‌ನ ಕ್ಲಾಸ್ ನೋಟ್‌ಬುಕ್‌ನಲ್ಲಿ ಪ್ರತಿ ವಿದ್ಯಾರ್ಥಿಯ ವಿಭಾಗ ಆ ವಿದ್ಯಾರ್ಥಿಗೂ ಬೋಧಕರಿಗೂ ಮಾತ್ರ ಕಾಣುತ್ತದೆ. ವೀಕ್ಷಕಿ ತನ್ನ ಗೆಳತಿಯ ಪಾಠ ಯೋಜನೆಯ ಕೆಳಗೆ ನೇರವಾಗಿ ಬರೆಯಲಾರಳು. ಎಲ್ಲರಿಗೂ ತೆರೆದಿರುವ ಸಹಯೋಗದ ಜಾಗದಲ್ಲಿ ಬರೆಯಬಹುದು. ಅಲ್ಲಿ ಬರೆಸಿ ನೋಡಿದೆವು. ಇಡೀ ತಂಡ ಓದುತ್ತದೆ ಎಂದು ಗೊತ್ತಾದ ಕೂಡಲೇ ವೀಕ್ಷಣೆಗಳೆಲ್ಲ ‘ಪಾಠ ಉತ್ತಮವಾಗಿತ್ತು, ಧ್ವನಿ ಸ್ಪಷ್ಟವಾಗಿತ್ತು’ ಎಂಬಲ್ಲಿಗೆ ಬಂದು ನಿಂತವು. ಆರು ಮಕ್ಕಳ 2/5 ಅಲ್ಲಿ ಯಾರೂ ಬರೆಯುತ್ತಿರಲಿಲ್ಲ. ಆ ಜಾಗದ ಒಂದೊಂದು ವಿಭಾಗವನ್ನು ಆಯ್ದ ವಿದ್ಯಾರ್ಥಿಗಳಿಗಷ್ಟೇ ತೆರೆಯುವಂತೆ ಬೋಧಕರು ಅನುಮತಿ ಹೊಂದಿಸಬಹುದು. ಮುಂದಿನ ತಂಡದಲ್ಲಿ ಜೋಡಿಗೊಂದು ವಿಭಾಗ ಮಾಡಿ, ‘ದಿನದ ಪಾಠ’ದ ಮೂರೂ ನಮೂನೆಗಳನ್ನು ಅಲ್ಲೇ ಇಡಬೇಕೆಂದಿದ್ದೇನೆ. ಜೋಡಿಗಳನ್ನು ಇಂಟರ್ನ್‌ಶಿಪ್‌ನ ಉದ್ದಕ್ಕೂ ಹಾಗೆಯೇ ಉಳಿಸಬೇಕೋ, ನಡುವೆ ಬದಲಿಸಬೇಕೋ ಎಂಬ ಬಗ್ಗೆ ನಮ್ಮ ವಿಭಾಗದಲ್ಲೇ ಎರಡು ಅಭಿಪ್ರಾಯಗಳಿವೆ. ಬದಲಿಸಿದರೆ ಹಳೆಯ ಜೋಡಿಯ ಪುಟಗಳು ಹೊಸ ಜೋಡಿಗೆ ಕಾಣಬೇಕೇ? ನಿಮ್ಮ ಕಾಲೇಜಿನಲ್ಲಿ ಇದನ್ನು ಮಾಡಿ ನೋಡಿದವರಿದ್ದರೆ, ವಿಶೇಷವಾಗಿ ಪ್ರಶಿಕ್ಷಣಾರ್ಥಿಗಳು, ಮುಂದಿನ ಸಂಚಿಕೆಗೆ ಬರೆಯಿರಿ.